ಒಳಗೆ ಇಣುಕುವ ಭಾವ

ನಮ್ಮ ಭಾವನ ಬಗ್ಗೆ ನಮ್ಮ ಮನೆಯವರು ಮೊದಲೇ ಸರಿಯಾಗಿ ವಿಚಾರಿಸಬೇಕಿತ್ತು. ವಿಚಾರಿಸಿದ್ದರೆ ಪಾಂಡವಪುರದ ನಮ್ಮ ಬೀದಿಯಲ್ಲಿ ಅಪ್ಪ ಅಷ್ಟು ದಿನ ತಲೆ ತಗ್ಗಿಸಿ ಓಡಾಡಬೇಕಾಗುತ್ತಿತ್ತೇ?

ತೊಂಬತ್ತರ ದಶಕದ ಕೊನೆ. ಅಕ್ಕನನ್ನು ನೋಡಲು ನಾಗಮಂಗಲದಿಂದ ಗಂಡಿನವರು ಬಂದರು. ಹುಡುಗನಿಗೆ ಮೈಸೂರಿನ ಸಣ್ಣ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಆ ಹುಡುಗ ಕಾಲು ತೊಳೆದು ಒಳಗೆ ಬಂದವರೇ ಸೀದಾ ನಮ್ಮ ಟೀವಿಯ ಹಿಂದೆ ಹೋಗಿ ಬಗ್ಗಿ, ಅದರ ತೂತುಗಳಲ್ಲಿ ಇಣುಕತೊಡಗಿದರು. ಅಜ್ಜಿ ಗಾಬರಿಯಾಗಿ ನನ್ನ ಕಿವಿಯಲ್ಲಿ, "ಎಣ್ಣು ನೋಡಕ್ ಬಂದವ್ನೋ, ಟೀವಿ ರಿಪೇರಿಗ್ ಬಂದವ್ನೋ?" ಅಂದಳು.

ಅಪ್ಪ ಕೆಲಸವೇನೆಂದು ಕೇಳಿದರು. ಹುಡುಗನ ಸೋದರಮಾವ, "ಬ್ಯಾರೇವ್ರು ಬರ್ದುದ್ರಲ್ಲಿ ತಪ್ಪು ಉಡುಕ್ತಾನೆ" ಅಂದರು.

"ಮೇಷ್ಟ್ರಾ?"

ಹುಡುಗ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು. "ಅಲ್ಲ ಸಾರ್. ಬೇರೇವ್ರು ಹೊರಗಿಂದ ಗುಂಡಿ ಒತ್ತಿ, ಉತ್ತರ ಸರಿಯಾಗಿ ಬಂತಾ ಅಂತ ನೋಡ್ತಾರೆ. ನಾನು ಒಳಗಡೆ ಬರ್ದಿರೋ ಪ್ರೋಗ್ರಾಮನ್ನೇ ಓದ್ತೀನಿ. ಹೌದು ಅಂದ್ರೆ ಈ ಕಡೆ, ಇಲ್ಲ ಅಂದ್ರೆ ಆ ಕಡೆ ಅಂತ ದಾರಿಗಳಿರ್ತವೆ. ಎಲ್ಲಾ ದಾರೀಲೂ ಓಡಿಸಿ ನೋಡ್ಬೇಕು. ವೈಟ್ ಬಾಕ್ಸ್ ಟೆಸ್ಟಿಂಗ್ ಅಂತಾರೆ. 'ಇಲ್ಲ' ಅನ್ನೋ ದಾರೀನ ಯಾರೂ ಓಡಿಸಿರಲ್ಲ, ಕೆಟ್ಟಿರೋದೂ ಅಲ್ಲೇ."

ಅಪ್ಪ ಅರ್ಥವಾದವರಂತೆ ತಲೆಯಾಡಿಸಿದರು. ಅಷ್ಟರಲ್ಲಿ ಅಕ್ಕ ಕಾಫಿ ತಂದಳು.

"ಅಡ್ಗೆ ಬತ್ತದೇನವ್ವಾ?" ಸೋದರಮಾವ ಕೇಳಿದರು.

"ಹೂಂ."

"ಆಡು?"

"ಹೂಂ." ನಾನು ಬೆಚ್ಚಿದೆ. ಅಕ್ಕ ಹಾಡಿದರೆ ಕೊಟ್ಟಿಗೆಯ ಹಸು ಹಗ್ಗ ಜಗ್ಗುತ್ತಿತ್ತು.

"ಹುಡ್ಗ ಒಪ್ಗೇನಾ?" ಅಪ್ಪ ಕೇಳಿದರು.

"ಹೂಂ."

ಆಗ ಹುಡುಗ ಬಾಯಿಬಿಟ್ಟರು. "ಎಲ್ಲದಕ್ಕೂ ಹೂಂ ಅಂತಿದ್ದೀರಿ. ಪರೀಕ್ಷೆಗೆ ಒಂದ್ಸಲ 'ಬೇಡ' ಅಂದು ನೋಡಿ."

ಕಾಫಿ ಹಿಡಿದ ಕೈಗಳೆಲ್ಲ ಅರ್ಧದಲ್ಲೇ ನಿಂತವು. ಅಕ್ಕ ಅಪ್ಪನನ್ನು ನೋಡಿದಳು, ನೆಲ ನೋಡಿದಳು.

"ಬೇಡ" ಅಂದಳು. ಸೋದರಮಾವ ನಗಲು ಹೊರಟರು. ಆದರೆ ಅಕ್ಕ ನಿಲ್ಲಿಸಲಿಲ್ಲ. "ಬೇಡ. ನಂಗೆ ಈಗ ಮದ್ವೆ ಬೇಡ. ಬೀಯೆಸ್ಸಿ ಮುಗಿಸ್ಬೇಕು. ಅಪ್ಪಂಗೆ ಹೇಳಕ್ಕೆ ಭಯ ಆಗಿತ್ತು."

ಅಜ್ಜಿ ಅಲ್ಲೇ ಕುಸಿದು ಕೂತಳು. ಅಪ್ಪನ ಬಾಯಿ ತೆರೆದೇ ಇತ್ತು. ಸೋದರಮಾವ ಎದ್ದು, "ಬಾರ್ಲಾ ಎದ್ದು, ಕೂಡೋ ಸಂಬಂಧಾನ ನೀನೇ ಕೆಡಿಸ್ಬುಟ್ಟಲ್ಲೋ" ಎಂದು ಹುಡುಗನ ತೋಳು ಹಿಡಿದರು. ಎಲ್ಲರಿಗಿಂತ ಹೆಚ್ಚು ಬಿಳಿಚಿಕೊಂಡಿದ್ದು ಆ ಹುಡುಗನ ಮುಖವೇ. ಹೊಸಿಲು ದಾಟುವಾಗ ಮಾತ್ರ ಅಪ್ಪನಿಗೆ, "ಅವ್ರು ಓದ್ಲಿ ಸಾರ್" ಅಂದು ಹೋದರು.

ಸುದ್ದಿ ಕೆ.ಆರ್. ಪೇಟೆಯ ನೆಂಟರಿಗೆ ಬಸ್ಸಿಗಿಂತ ಮುಂಚೆ ತಲುಪಿತು. ಅಪ್ಪ ತಿಂಗಳುಗಟ್ಟಲೆ ಅಕ್ಕನೊಡನೆ ಮಾತಾಡಲಿಲ್ಲ. ಆದರೆ ಕಾಲೇಜು ಬಿಡಿಸಲಿಲ್ಲ.

ಅಕ್ಕ ಪಾಸಾದ ಮೇಲೆ ಅಪ್ಪ ಹೆದರಿ ಹೆದರಿ ಮದುವೆಯ ಮಾತೆತ್ತಿದರು. ಅಕ್ಕ, "ನಾಗಮಂಗಲದೋರಿಗೆ ಇನ್ನೂ ಮದ್ವೆ ಆಗಿಲ್ವಾ, ಕೇಳ್ಸಿ" ಅಂದಳು. ಅಪ್ಪ ಮತ್ತೆ ಬಾಯಿ ತೆರೆದುಕೊಂಡೇ ಕೂತರು. ಕೇಳಿಸಿದರೆ, ಅವರಿಗೆ ಇನ್ನೂ ಮದುವೆ ಆಗಿರಲಿಲ್ಲ.

ಮದುವೆಗೆ ಬಳೆ ತೊಡಿಸಿದ ದಿನ ನಾನು ಕೇಳಿದೆ, "ಅಷ್ಟು ಮರ್ವಾದೆ ಕಳ್ದೋರ್ನೇ ಯಾಕಕ್ಕಾ ಒಪ್ದೆ?"

ಅಕ್ಕ ಹೊಸ ಬಳೆಗಳನ್ನು ಒಂದೊಂದಾಗಿ ಸರಿಸಿಕೊಂಡಳು.

"ನಾನು ಮಾತಾಡ್ತಿದ್ದಾಗ ನೀವೆಲ್ಲ ಅಪ್ಪನ ಮೊಕ ನೋಡ್ತಿದ್ರಿ ಕಣೇ. ಅವ್ರೊಬ್ರು ನನ್ನನ್ನ ನೋಡ್ತಿದ್ರು, ನನ್ನ ಮಾತು ಮುಗೀಲಿ ಅಂತ."