ಬೆಡ್‌ಶೀಟಿನ ಎಂಟು ಗಂಟು

ಹೋದ ವರ್ಷ ಮುರಿಗೆಪ್ಪನ ಅತ್ತೆ ರಾಚವ್ವ, ಹತ್ತು ವರ್ಷದ ಮೊಣಕಾಲು ನೋವನ್ನೂ ಹೊತ್ತುಕೊಂಡು, ವಿಜಯಪುರದಿಂದ ಮುಂಬಯಿಯ ಸಯನ್ನಿನ ಅವನ ಫ್ಲ್ಯಾಟಿಗೆ ಎರಡೇ ದಿನಕ್ಕೆಂದು ಬಂದಿದ್ದಳು. ಮಂಚದ ಬೆಡ್‌ಶೀಟು ಮುಗ್ಗಲು ವಾಸನೆ ಹೊಡೆಯಿತು. “ನಿಮಗ ಸಂಸಾರ ಮಾಡಾಕ ಬರಂಗಿಲ್ಲ” ಎಂದು ಕಲಿಸಲು ಕೂತವಳು ಎರಡು ತಿಂಗಳು ಕದಲಲಿಲ್ಲ. ಇದ್ದ ಎರಡು ಮಂಚ ತಾಯಿ ಮಗಳ ಪಾಲಾಗಿ, ಮುರಿಗೆಪ್ಪ ಸೋಫಾದ ಮೇಲೆ ಮುದುರಿ ಮಲಗಿದ. ಬಡವಾ, ನೀ ಮಡಗಿದ ಹಾಗಿರು ಎಂಬ ಮಾತು ಅಳಿಯಂದಿರಿಗೆಂದೇ ಹುಟ್ಟಿರಬೇಕು.

ಇವತ್ತು ಆಕೆ ಮತ್ತೆ ಬರುತ್ತಿದ್ದಳು, ಮತ್ತೆ ಎರಡೇ ದಿನಕ್ಕೆ. ಹೊರಗೆ ಜುಲೈ ಮಳೆ. ತಾಯಿಯನ್ನು ಕರೆತರಲು ದಾದರ್ ಸ್ಟೇಶನ್ನಿಗೆ ಹೊರಟ ವಂದನಾ, ಒಗೆದ ಎರಡು ಬೆಡ್‌ಶೀಟುಗಳನ್ನು ಗಂಡನ ಕೈಗಿಟ್ಟಳು.

“ಹೊಸಾ ಡ್ರೈಯರ್ ತಂದೀರಲ್ಲಾ, ಅದರಾಗ ಒಣಗಿಸ್ರಿ. ಅವ್ವ ಬರೂದ್ರಾಗ ಹಾಸಿರಬೇಕು. ಹಸಿ ಇದ್ವಂದ್ರ, ನಿಮ್ಮ ಸೋಫಾ ನಿಮಗ.”

ಮುರಿಗೆಪ್ಪ ಎರಡನ್ನೂ ಒಟ್ಟಿಗೆ ತುರುಕಿ ಬಟನ್ ಒತ್ತಿದ. ಅರ್ಧ ತಾಸು ಬಿಟ್ಟು ತೆಗೆದು ನೋಡಿದರೆ ಎರಡೂ ಹೆಣೆದುಕೊಂಡು ಒಂದು ದೊಡ್ಡ ಕಡುಬಾಗಿದ್ದವು. ಹೊರಗೆ ಸುಡುತ್ತಿತ್ತು, ಒಳಗೆ ನೀರು ಜಿನುಗುತ್ತಿತ್ತು.

ಎದುರುಮನೆಯ ಶುಭಾಂಗಿ ಇಣುಕಿದಳು. “ಅಹೋ ಭಾವೋಜಿ, ಅಂದರ್ ಟೆನಿಸ್ ಬಾಲ್ ಡಾಲೋ ನಾ! ಬಟ್ಟೆ ಸುತ್ತಿಕೊಳ್ಳೋದಿಲ್ಲ, ಯೂಟ್ಯೂಬ್ ಮೇಲೆ ನಾನೇ ನೋಡಿದೆ.”

ಬಾಲುಗಳನ್ನೂ ಅವಳೇ ತಂದು ಹಾಕಿದಳು. ಡ್ರೈಯರ್ ಧಡಲ್ ಧಡಲ್ ಎಂದು ಕುಣಿಯತೊಡಗಿತು. ಐದೇ ನಿಮಿಷಕ್ಕೆ ಕೆಳಮನೆಯ ಮೋನಪ್ಪ ಲುಂಗಿ ಎತ್ತಿ ಕಟ್ಟಿ ಮೇಲೆ ಬಂದರು.

“ಎಂತ ಮಾರಾಯ್ರೆ, ಭತ್ತ ಕುಟ್ತಿದ್ದೀರಾ? ನಮ್ಮ ಫ್ಯಾನ್ ಅಲ್ಲಾಡ್ತದೆ!”

ಮೋನಪ್ಪ ಮಾಟುಂಗದ ಲಾಡ್ಜೊಂದರ ಲಾಂಡ್ರಿಯಲ್ಲಿ ಮೂವತ್ತು ವರ್ಷ ದುಡಿದವರು. ಬಾಲುಗಳನ್ನೂ ನುಂಗಿ ಕೂತಿದ್ದ ಬೆಡ್‌ಶೀಟುಗಳನ್ನು ಅವರೇ ಬಿಡಿಸಿದರು. “ನಾಲ್ಕೂ ಮೂಲೆಗೆ ಒಂದೊಂದು ಗಂಟು ಹಾಕಿ, ಒಂದೊಂದೇ ಒಣಗಿಸಿ. ಮತ್ತೆ ಸುತ್ತಿಕೊಂಡ್ರೆ ನನ್ನ ಹೆಸರು ಬದಲಿಸಿ.”

ಹೆಸರು ಬದಲಿಸಬೇಕಾಗಲಿಲ್ಲ. ಎರಡೂ ಹಪ್ಪಳದಂತೆ ಒಣಗಿ ಹೊರಬಂದವು. ಮುರಿಗೆಪ್ಪನಿಗೆ ಕುಣಿಯುವಷ್ಟು ಸಂತೋಷವಾಯಿತು. ಆದರೆ ಗಂಟುಗಳು ಮಾತ್ರ ಬಿಗಿದುಕೊಂಡು ಹಲ್ಲಿಗೂ ಜಗ್ಗಲಿಲ್ಲ. ಅಷ್ಟರಲ್ಲಿ ಬೆಲ್ ಹೊಡೆಯಿತು. ಬೆಡ್‌ಶೀಟು ಎರಡೂ ಮಂಚಕ್ಕೆ ಹಾಸಿ, ಎಂಟೂ ಗಂಟುಗಳನ್ನು ಗಾದಿಗಳ ಕೆಳಗೆ ತೂರಿಸಿ ಬಾಗಿಲಿಗೆ ಓಡಿದ.

ರಾಚವ್ವ ಚಪ್ಪಲಿ ಬಿಟ್ಟವಳೇ ನೇರವಾಗಿ ಮಂಚಕ್ಕೆ ಬಂದು, ಬೆಡ್‌ಶೀಟನ್ನು ಮುಟ್ಟಿ, ಮೂಸಿ ನೋಡಿದಳು.

“ಛಲೋ ಒಣಗೇತಿ.”

ಮುರಿಗೆಪ್ಪ ನಿಟ್ಟುಸಿರು ಬಿಟ್ಟ. ಆದರೆ ಆಕೆಗೆ ಗಾದಿ ಎತ್ತಿ ನೋಡುವ ಚಟವೂ ಇತ್ತು.

“ಇವೇನ್ರಿ ಅಳಿಯಂದ್ರ, ಮೂಲಿ ಮೂಲಿಗೆ ಗಂಟು? ಹರಕಿ ಹೊತ್ತೀರೇನು?”

ಡ್ರೈಯರಿನ ಪುರಾಣ ಬಿಚ್ಚಿದರೆ ಸಂಸಾರದ ಪಾಠ ಮತ್ತೆ ಶುರುವಾಗುತ್ತದೆ. ಮುರಿಗೆಪ್ಪ ಥಟ್ಟನೆ, “ಹೌದ್ರಿ ಅತ್ತಿಯಾರ, ನಿಮ್ಮ ಮಣಕಾಲ್ ನೋವು ಹೋಗ್ಲಿ ಅಂತ...” ಎಂದುಬಿಟ್ಟ.

ರಾಚವ್ವನ ಕಣ್ಣು ತುಂಬಿ ಬಂತು. “ಹೆತ್ತ ಮಗಾನೂ ನನಗ ಇಷ್ಟು ಮಾಡಿಲ್ಲ! ಬೇಡಿದ್ದು ಈಡೇರೋಮಟ ಹರಕಿ ಗಂಟು ಬಿಚ್ಚಬಾರದು, ಅದನ್ನ ಬಿಟ್ಟು ನಾನೂ ಹೋಗಬಾರದು. ನೋವು ಹೋದ ದಿನ ಕೈಯಾರೆ ಬಿಚ್ಚೇ ಹೋಗ್ತೀನಿ. ವಂದನಾ, ಆ ರಿಟರ್ನ್ ಟಿಕೆಟ್ ಕ್ಯಾನ್ಸಲ್ ಮಾಡವಾ.”

ವಂದನಾ ಗಂಡನ ಮುಖ ನೋಡಿದಳು. ಆಮೇಲೆ ಒಳಗಿನಿಂದ ಒಂದು ದಿಂಬು ತಂದು ಸೋಫಾದ ಮೇಲಿಟ್ಟಳು.