ಶೆಟ್ಟಿಕೆರೆಯವಳೂ ಹೊಂಗೆಹಟ್ಟಿಯ ಬೋರ್ಡೂ

ನಾಲ್ಕು ಜನರ ಮುಂದೆ ಮಾತಾಡುವುದೆಂದರೆ ನಾನು ಈಗಲೂ ಹಿಂದಕ್ಕೆ ಸರಿದು ನಿಲ್ಲುತ್ತೇನೆ. ಮನಸ್ಸಿನ ಮಾತನ್ನೆಲ್ಲ ಕೊಟ್ಟಿಗೆಯ ಎಮ್ಮೆಗೆ ಹೇಳಿಕೊಂಡು ಬದುಕಿದವಳು ನಾನು. ಅದು ಎದುರಾಡುವುದಿಲ್ಲ. ಅಂಥವಳು ಊರ ವಿಷಯಕ್ಕೆ ಬಾಯಿ ಹಾಕಿದ್ದು ಹೇಗೆಂದು, ಮಕ್ಕಳೇ, ಬರೆದೇ ತಿಳಿಸುತ್ತೇನೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ.

ನಮ್ಮೂರಿಗೆ ಹೊಸ ಬೋರ್ಡು ಬರೆಸುವಾಗ ಹೊಂಗೆಹಟ್ಟಿಯನ್ನು ಹೊಂಗೆಪುರ ಮಾಡುವ ಮಾತು ಬಂತು. ಹಟ್ಟಿ ಎಂದರೆ ಕುರಿ ವಾಸನೆಯಂತೆ! ನನಗೆ ಕಸಿವಿಸಿಯಾಯಿತು. ನಿಮ್ಮ ತಾತನ ಕೈಹಿಡಿದು ಬಂದ ದಿನ, ಕುರಿಗಳನ್ನು ಸರಿಸಿಕೊಂಡೇ ನಾನು ಈ ಮನೆ ಹೊಕ್ಕಿದ್ದು. ಕಾಲೇಜಿನಲ್ಲಿ ಊರುಗಳ ಹೆಸರಿನ ಪಾಠ ಓದುತ್ತಿದ್ದ ಮೊಮ್ಮಗಳು ರಮ್ಯಾಳನ್ನು, ಬೇರೆ ದೇಶದವರು ಊರಿಗೆ ಹೆಸರು ಹೇಗಿಡುತ್ತಾರೆಂದು ಪೊರಕೆಗೆ ತೆಂಗಿನ ಗರಿ ಸೀಳುತ್ತಾ ಕೇಳಿದೆ.

“ಡಚ್ಚರ ಊರುಗಳ ಕೊನೇಲಿ ‘ಡ್ಯಾಮ್’ ಅಂತ ಇರುತ್ತಲ್ಲ, ಅದು ಹೊಳೆಗೆ ಹಾಕಿದ ಕಟ್ಟೆ ಕಣಜ್ಜಿ. ಅದೇ ದೇಶದ ಉತ್ತರದಲ್ಲಿ ಫ್ರೀಸಿಯನ್ನರು ಅಂತ ಜನ ಇದಾರೆ, ಅವರ ಊರುಗಳ ಕೊನೇಲಿ ‘ಉಮ್’ ಬರುತ್ತೆ. ಮನೆ ಅನ್ನೋ ಹಳೇ ಮಾತು ಸವೆದು ಅಷ್ಟೇ ಉಳಿದಿರೋದು.”

“ಅವ್ರೂ ನಮ್ಮಂಗೇ ಬುಡು. ಕೆರೆ ಕಟ್ಟಿದೋರು ಕೆರೆ ಅಂದ್ರು, ಕುರಿ ಕೂಡಿಹಾಕಿದೋರು ಹಟ್ಟಿ ಅಂದ್ರು,” ಎಂದೆ. ಸಮುದ್ರದಾಚೆಯವರು ಇದ್ದಕ್ಕಿದ್ದಂತೆ ನೆಂಟರಂತೆ ಕಂಡರು. ಅದೇ ಧೈರ್ಯದಲ್ಲಿ ಮರುದಿನ ಹಾಲಿನ ಡೈರಿಯ ಮುಂದೆ ಊರು ಸೇರಿದಾಗ ಸೆರಗು ಬಿಗಿಹಿಡಿದು ಹೇಳಿಯೇಬಿಟ್ಟೆ: “ಕುರಿ ಸಾಕಿ ಕಟ್ಟಿದ ಊರು ಕಣ್ರಪ್ಪ. ಹಟ್ಟಿ ಅಂತ್ಲೇ ಇರ್ಲಿ.”

ಬೋರ್ಡಿನ ಉಸ್ತುವಾರಿ ಹೊತ್ತಿದ್ದ ಮೈದುನ ರಂಗಪ್ಪ ನಕ್ಕ. “ಅತ್ಗೆಮ್ಮ, ನೀವು ಶೆಟ್ಟಿಕೆರೆಯೋರು. ನಮ್ಮೂರ ಉಸಾಬರಿ ನಿಮಗ್ಯಾಕೆ?”

ಎಲ್ಲರೂ ನಕ್ಕರು. ನಮ್ಮ ಕಡೆ ಸೊಸೆಯನ್ನು ತವರೂರಿನ ಹೆಸರಿಂದಲೇ ಕರೆಯುವುದು; ಮೊಮ್ಮಕ್ಕಳಾದರೂ ನಾನು ಶೆಟ್ಟಿಕೆರೆಯವಳೇ. ನಿಮ್ಮ ತಾತನೂ ಹಾಗೇ ಕರೆಯುತ್ತಿದ್ದರು. ಕಣ್ಣು ತುಂಬಿತು, ಮಾತು ತಾನಾಗಿ ಹೊರಬಿತ್ತು: “ಶೆಟ್ಟಿಕೆರೆಯಿಂದ ನನ್ನನ್ನ ಹಟ್ಟಿಗೆ ಕೊಟ್ರು ಕಣಪ್ಪ, ಪುರಕ್ಕಲ್ಲ.”

“ನನ್ನೂ ಹಟ್ಟಿಗೇ ಕೊಟ್ಟಿದ್ದು ಕಣೇ,” ಎಂದಳು ಹಿಂದಿನಿಂದ ದಂಡಿನಶಿವರದಕ್ಕ. “ನನ್ನೂ,” ಎಂದಳು ಹುಳಿಯಾರಮ್ಮ. ಹಾಲಿನ ಕ್ಯಾನು ಹಿಡಿದ ಸೊಸೆಯರೆಲ್ಲ ‘ನನ್ನೂ, ನನ್ನೂ’ ಎಂದರು. ರಂಗಪ್ಪ ಅವರ ನಡುವೆಯೇ ನಿಂತಿದ್ದ ತನ್ನ ಹೆಂಡತಿಯ ಮುಖ ನೋಡಿ ತಲೆ ಕೆರೆದುಕೊಂಡ. “ಆಯ್ತು ಬುಡ್ರವ್ವ, ಹಟ್ಟೀನೇ ಇರ್ಲಿ.”

“ಗೆದ್ದೆ ಅಜ್ಜಿ! ಇನ್ಮೇಲೆ ನೀನು ಹಟ್ಟಿ ಅಜ್ಜಿ,” ಎಂದು ರಮ್ಯಾ ಕುಣಿದಳು. ನಾನೂ ಜಂಬದಿಂದ ಒಪ್ಪಿದೆ. ಸಂಜೆ ಯಾರೋ “ಹಟ್ಟಿ ಅಜ್ಜೀ” ಎಂದು ಒಂದೇ ಸಮನೆ ಕೂಗುತ್ತಿದ್ದರು. ಪಾಪ, ಯಾವುದೋ ಕಿವಿ ಕೇಳದ ಮುದುಕಿ ಇರಬೇಕೆಂದು ಮರುಗುತ್ತಾ ಎಮ್ಮೆಗೆ ಹುಲ್ಲು ಹಾಕುತ್ತಿದ್ದೆ. “ಶೆಟ್ಟಿಕೆರೆ ಅಜ್ಜೀ” ಎಂದ ಮೇಲೆಯೇ ನಾನು ‘ಓ’ ಎಂದದ್ದು.