ಹನ್ನೆರಡು ವರ್ಷದ ಅನುಭವ

ಮಡಕಶಿರದಲ್ಲಿ ನಾನು ದುಡಿಯುತ್ತಿದ್ದ ಎಣ್ಣೆ ಮಿಲ್ಲು ಬಾಗಿಲು ಹಾಕಿದ ದಿನವೇ ಹೆಂಡತಿಯ ಎದುರು ನಿಂತು ಘೋಷಿಸಿದೆ: "ನೋಡ್ತಿರು ಸೌಮ್ಯ. ಇನ್ಮೇಲೆ ಕೆಲಸ ಹುಡುಕ್ಕೊಂಡು ನಾನು ಹೋಗಲ್ಲ. ಕೆಲಸವೇ ನನ್ನ ಹುಡುಕ್ಕೊಂಡು ಬರುತ್ತೆ!"

"ಬರೋವರ್ಗೂ ಎರಡು ಹೊರೆ ಹಿಪ್ಪುನೇರಳೆ ಸೊಪ್ಪು ಕುಯ್ಕೊಂಡ್ ಬನ್ನಿ," ಎಂದಳು.

ಸೊಪ್ಪು ಯಾರು ಕೊಯ್ಯುತ್ತಾರೆ? ಮೊಬೈಲಿಗೆ ಕೆಲಸ ಕೊಡಿಸುವ ಆ್ಯಪ್ ಇಳಿಸಿಕೊಂಡು, ಜಗಲಿಯ ಮೇಲೆ ಕೂತು, ಒಂದೇ ಮಧ್ಯಾಹ್ನ ಎಂಬತ್ತೇಳು ಕಡೆ ಅರ್ಜಿ ಗುಜರಾಯಿಸಿದೆ. ಹಡಗಿನ ಕಂಪನಿಗೂ ಹಾಕಿದೆ, ಹೆರಿಗೆ ಆಸ್ಪತ್ರೆಗೂ ಹಾಕಿದೆ. ಹತ್ತು ದಿನವಾದರೂ ಒಂದು ಫೋನೂ ಬರಲಿಲ್ಲ.

ಅದೇ ಆ್ಯಪಿನಿಂದ ಕೆಲಸ ಹಿಡಿದಿದ್ದ ಪಕ್ಕದ ಮನೆಯ ಓಬುಲೇಶ್ ನನ್ನ ಪಟ್ಟಿ ನೋಡಿ ತಲೆ ಚಚ್ಚಿಕೊಂಡ. "ಅಣ್ಣಾ, ಕಂಡಿದ್ದಕ್ಕೆಲ್ಲ ಹಾಕಬಾರ್ದು. ನಿಂಗೆ ಗೊತ್ತಿರೋ ಕೆಲಸ ಆರಿಸ್ಕೋ. ಅವ್ರು ಏನ್ ಕೇಳ್ತಾರೋ ಅದು ನಿನ್ನ ರೆಸ್ಯೂಮೆಲಿ ಕಾಣ್ಬೇಕು."

ಆರಿಸಿಕೊಂಡೆ. ರೇಷ್ಮೆ ಮರಿಹುಳು ಮಾರುವ ಕೇಂದ್ರವೊಂದಕ್ಕೆ, ರೈತರ ಮನೆಮನೆಗೆ ಹೋಗಿ ಸಲಹೆ ಕೊಡುವವರು ಬೇಕಿತ್ತು. ಹುಳು ಸಾಕಿ ಹತ್ತು ವರ್ಷದ ಅನುಭವ ಇರಬೇಕಂತೆ. ನಾವು ಹನ್ನೆರಡು ವರ್ಷದಿಂದ ಸಾಕುತ್ತಿದ್ದೇವೆ. ನಾವು ಅಂದರೆ, ಸಾಕುವವಳು ಸೌಮ್ಯ, ಗೂಡನ್ನು ಮಾರುಕಟ್ಟೆಗೆ ಒಯ್ಯುವವನು ನಾನು. ಆದರೆ ಊರಿನಲ್ಲಿ ಯಾರನ್ನೇ ಕೇಳಿ, ಹುಳು ಸಾಕುವವರು ಅಂತ ನನ್ನ ಹೆಸರೇ ಹೇಳುತ್ತಾರೆ. ಹನ್ನೆರಡು ವರ್ಷವನ್ನೂ ಧೈರ್ಯವಾಗಿ ನನ್ನ ಹೆಸರಿಗೇ ಬರೆದುಕೊಂಡೆ. ಮೂರನೇ ದಿನ ವಿಡಿಯೊ ಸಂದರ್ಶನಕ್ಕೆ ಕರೆ ಬಂತು!

ಹಿಂದೆ ಹುಳು ಕಾಣಲಿ ಎಂದು ಹುಳದ ಮನೆಯಲ್ಲೇ ಇಸ್ತ್ರಿ ಅಂಗಿ ತೊಟ್ಟು ಕೂತೆ. ಸೌಮ್ಯ ನನ್ನ ಬೆನ್ನ ಹಿಂದೆ ಕಸ ತೆಗೆಯುತ್ತಿದ್ದಳು. ಫೋನಿನಲ್ಲಿದ್ದ ಮೇಡಂ ಕೇಳಿದರು: "ಹುಳು ಜ್ವರಕ್ಕೆ ಕೂತಾಗ ದಿನಕ್ಕೆ ಎಷ್ಟು ಸಲ ಸೊಪ್ಪು ಹಾಕ್ತೀರಿ?"

"ನಾಲ್ಕು ಸಲ ಮೇಡಂ. ಸುಸ್ತಾಗಿರ್ತವಲ್ಲ, ಇನ್ನೊಂದು ಸಲ ಜಾಸ್ತಿನೇ ಹಾಕ್ತೀನಿ."

ಹಿಂದೆ ಪೊರಕೆ ಬಿದ್ದ ಸದ್ದಾಯಿತು. "ಹುಳ ಸಾಯಿಸ್ತೀರೇನ್ರೀ? ಜ್ವರ ಅಂದ್ರೆ ಕಾಯಿಲೆ ಅಲ್ಲ, ಪೊರೆ ಬಿಡೋದು. ಪೊರೆ ಬಿಡೋಕೆ ತಲೆ ಎತ್ಕೊಂಡು ಕೂತಿರೋ ಹುಳಕ್ಕೆ ಯಾರಾದ್ರೂ ಸೊಪ್ಪು ಹಾಕ್ತಾರಾ? ಸುಣ್ಣದ ಪುಡಿ ಚೆಲ್ಲಿ, ಗಾಳಿ ಆಡೋಕೆ ಬಿಟ್ಟು, ಸುಮ್ನಿರ್ಬೇಕು."

"ಅವರ್ಯಾರು?" ಎಂದರು ಮೇಡಂ.

"ನಮ್ಮ ಮನೆಯವ್ರು."

"ಒಂದು ನಿಮಿಷ ಫೋನ್ ಅವರ ಕಡೆ ತಿರುಗಿಸಿ."

ತಿರುಗಿಸಿದೆ. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಆ ಒಂದು ನಿಮಿಷ ಮುಕ್ಕಾಲು ಗಂಟೆಯಾಯಿತು. ಅಷ್ಟೂ ಹೊತ್ತು ಫೋನ್ ಹಿಡಿದು ನಿಂತಿದ್ದೇ ನನ್ನ ಸಂದರ್ಶನ.

ನೇಮಕದ ಪತ್ರ ಸೌಮ್ಯಳ ಹೆಸರಿಗೆ ಬಂತು. ಈಗ ಅವಳು ಎಂಟರ ಬಸ್ಸಿಗೆ ಹೊರಡುತ್ತಾಳೆ. ಬ್ಯಾಗು ಹಾಕಿಕೊಂಡು ಹೋಗುವುದನ್ನು ನೋಡಿದರೆ ಸುಳ್ಳೇಕೆ ಹೇಳಲಿ, ಹೆಮ್ಮೆಯಾಗುತ್ತದೆ. ಸೊಪ್ಪು ಕೊಯ್ಯುವುದು, ಹಾಕುವುದು, ಕಸ ತೆಗೆಯುವುದು ಎಲ್ಲ ನನ್ನ ಪಾಲಿಗೆ ಬಂದಿದೆ.

ಮೊನ್ನೆ ಹುಳು ಯಾಕೋ ಮಂಕಾದಂತೆ ಕಂಡು, ಹೆದರಿ ಕೇಂದ್ರಕ್ಕೆ ಫೋನ್ ಮಾಡಿದೆ. "ನಮ್ಮ ಮೇಡಂ ಸಂಜೆ ನಿಮ್ಮನೆಗೇ ಬರ್ತಾರೆ," ಎಂದರು. ಬಂದರು. ನಮ್ಮ ಸೌಮ್ಯ ಮೇಡಂ! ಚಪ್ಪಲಿ ಬಿಟ್ಟು, ಕೈ ತೊಳೆದು, ಹುಳು ನೋಡಿ, ಪುಸ್ತಕ ಬಿಚ್ಚಿ ನನ್ನ ಹೆಸರು ಬರೆದುಕೊಂಡರು.

"ಹುಳು ಸಾಕಿ ಎಷ್ಟು ವರ್ಷದ ಅನುಭವ?"

"ಹದಿನೇಳು ದಿನ, ಮೇಡಂ," ಎಂದೆ.